ಕೊಡಗಿನ ಹಳೆಯ ಜನಗಣತಿ ಸಂಪುಟಗಳು: ವಲಸೆಯ ಚರಿತ್ರೆ ಹುಡುಕುವವರಿಗೆ ಎಷ್ಟು ದಕ್ಕುತ್ತದೆ, ಎಲ್ಲಿ ಕೈಕೊಡುತ್ತದೆ

ಕೊಡಗಿಗೆ ಯಾರು, ಯಾವಾಗ, ಎಲ್ಲಿಂದ ಬಂದರು ಎಂಬ ಮಾತು ಎದ್ದರೆ ಸಾಕು, ಸಂತೆಯಿಂದ ಹಿಡಿದು ಮದುವೆ ಚಪ್ಪರದವರೆಗೆ ಒಬ್ಬೊಬ್ಬರು ಒಂದೊಂದು ಅಂಕಿ ಹೇಳುತ್ತಾರೆ. ಅದು ಎಲ್ಲಿ ಸಿಕ್ಕಿತು ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಅಂಕಿಯನ್ನು ಖುದ್ದಾಗಿ ತೆಗೆದು ನೋಡಬೇಕೆನ್ನುವವರಿಗೆ ಇರುವ ಮುಖ್ಯ ಸಾಧನ ಜನಗಣತಿ ವರದಿಗಳು. ಬ್ರಿಟಿಷರ ಕಾಲದ ಕೊಡಗು ಸಂಪುಟಗಳ ಸ್ಕ್ಯಾನ್ ಪ್ರತಿಗಳು, 2001 ಮತ್ತು 2011ರ ವಲಸೆ ಕೋಷ್ಟಕಗಳು ಜನಗಣತಿ ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅವುಗಳ ಜೊತೆ ಓದಬೇಕಾದ ಹಳೆಯ ಗೆಜೆಟಿಯರ್‌ಗಳು ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಇಡೀ ಸೆಟ್ಟನ್ನು ಒಂದು ಸಾಧನವಾಗಿ ತೂಗಿ ನೋಡಿದರೆ ನನ್ನ ತೀರ್ಮಾನ ಇಷ್ಟು: ಉಚಿತವಾಗಿ ಸಿಗುವುದರಲ್ಲಿ ಇದಕ್ಕೆ ಸಾಟಿ ಇಲ್ಲ. ಆದರೆ ಕಾಫಿ ಕೊಯ್ಲಿನ ಕ್ಯಾಲೆಂಡರನ್ನು ಪಕ್ಕದಲ್ಲಿಟ್ಟುಕೊಳ್ಳದೆ ಇದನ್ನು ಓದಿದರೆ ಖಂಡಿತ ದಾರಿ ತಪ್ಪುತ್ತೀರಿ.

ಮೊದಲು ಇದರ ದೊಡ್ಡ ಗುಣ. ಕೊಡಗು 1834ರಿಂದ ಬ್ರಿಟಿಷರ ನೇರ ಆಳ್ವಿಕೆಯಲ್ಲಿದ್ದ, ಚೀಫ್ ಕಮಿಷನರ್ ಅಧೀನದ ಪುಟ್ಟ ಪ್ರಾಂತ್ಯ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯದೊಳಗೆ ಸೇರಿತು. ಇಷ್ಟು ಚಿಕ್ಕ ಸೀಮೆ ಬೇರೆ ಕಡೆ ಇದ್ದಿದ್ದರೆ ದೊಡ್ಡ ಸಂಪುಟದ ನಾಲ್ಕು ಸಾಲಿನಲ್ಲಿ ಮುಗಿದುಹೋಗುತ್ತಿತ್ತು. ಪ್ರಾಂತ್ಯವೆಂಬ ಕಾರಣಕ್ಕೇ ಕೊಡಗಿಗೆ ಬಹುಪಾಲು ದಶಕಗಳಲ್ಲಿ ಪ್ರತ್ಯೇಕ ವರದಿ ಬಂದಿದೆ. ಹುಟ್ಟಿದ ಸ್ಥಳ, ಭಾಷೆ, ಜಾತಿ, ಕಸುಬು, ಗಂಡು ಹೆಣ್ಣಿನ ಲೆಕ್ಕ ಎಲ್ಲವೂ ತಾಲೂಕಿನ ಹತ್ತಿರದ ಮಟ್ಟದಲ್ಲಿ ನೋಡಲು ಸಿಗುತ್ತವೆ. ಇಂಥ ಅನುಕೂಲ ನೆರೆಯ ಹಾಸನಕ್ಕೂ ಇಲ್ಲ, ದಕ್ಷಿಣ ಕನ್ನಡಕ್ಕೂ ಇಲ್ಲ.

ಕೆಲಸ ಶುರುಮಾಡುವಾಗ ಮೊದಲು ಒಟ್ಟು ಜನಸಂಖ್ಯೆಯ ಸಾಲನ್ನು ಒಂದು ಸ್ಪ್ರೆಡ್‌ಶೀಟಿನಲ್ಲಿ ಇಳಿಸಿಕೊಳ್ಳಿ. 1871ರಲ್ಲಿ 1,68,312. 1881ರಲ್ಲಿ 1,78,302. 1891ರಲ್ಲಿ 1,73,055. 1901ರಲ್ಲಿ 1,80,607. 1911ರಲ್ಲಿ 1,74,976. 1921ರಲ್ಲಿ 1,63,838. 1931ರಲ್ಲಿ 1,63,327. 1941ರಲ್ಲಿ 1,68,726. 1951ರಲ್ಲಿ 2,29,405. ಹೀಗೆ ಏರಿ ಇಳಿದು ಏರುವ ಸಾಲು ಬರೀ ಹುಟ್ಟುಸಾವಿನಿಂದ ಆಗುವಂಥದ್ದಲ್ಲ. ಎಪ್ಪತ್ತು ವರ್ಷ ಒಂದೇ ಮಟ್ಟದಲ್ಲಿ ತೂಗಾಡಿ, ಕೊನೆಯ ಹತ್ತೇ ವರ್ಷದಲ್ಲಿ 60,679 ಜನ, ಅಂದರೆ ಸುಮಾರು ಶೇ. 36ರಷ್ಟು ಹೆಚ್ಚಾಗಿದೆ ಎಂದರೆ ಜನ ಬಂದೂ ಹೋಗಿಯೂ ಇದ್ದಾರೆ ಎಂದೇ ಅರ್ಥ. ಆದರೆ ಈ ಸಾಲು ಕೊಡುವುದು ಸುಳಿವನ್ನು ಮಾತ್ರ. ಯಾರು ಬಂದರು ಎಂಬುದನ್ನು ಬೇರೆ ಕೋಷ್ಟಕದಿಂದ ಹೆಕ್ಕಬೇಕು.

ಉದಾಹರಣೆಗೆ 1901ರ ಒಂದೇ ಒಂದು ಸಾಲನ್ನು ಹತ್ತಿರದಿಂದ ನೋಡೋಣ. ಗಂಡಸರು 1,00,258. ಹೆಂಗಸರು 80,349. ಮೊದಲು ಎರಡನ್ನೂ ಕೂಡಿಸಿ, 1,80,607 ಬಂತೇ ನೋಡಿ. ಇದು ಪೆದ್ದು ಕೆಲಸವೆಂದು ಬಿಡಬೇಡಿ. ಸ್ಕ್ಯಾನ್ ಮಾಡಿದ ಪುಟವನ್ನು ಕಂಪ್ಯೂಟರ್ ಅಕ್ಷರವಾಗಿ ಓದುವಾಗ 3 ಮತ್ತು 8, 5 ಮತ್ತು 6, 1 ಮತ್ತು 7 ಸಲೀಸಾಗಿ ಅದಲುಬದಲಾಗುತ್ತವೆ, ಎರಡು ಕಾಲಂಗಳು ಅಂಟಿಕೊಂಡು ಒಂದಾಗುತ್ತವೆ. ಗಂಡು, ಹೆಣ್ಣು ಕೂಡಿದರೆ ಒಟ್ಟು ಬರಬೇಕು, ಐದು ತಾಲೂಕು ಕೂಡಿದರೆ ಪ್ರಾಂತ್ಯ ಬರಬೇಕು. ಈ ಎರಡು ಪರೀಕ್ಷೆ ದಾಟದ ಅಂಕಿಯನ್ನು ಮೂಲ ಪುಟದ ಚಿತ್ರ ನೋಡಿಯೇ ತಿದ್ದಬೇಕು. ಸರ್ಚ್ ಪೆಟ್ಟಿಗೆಯಲ್ಲಿ ಹುಡುಕಿ ಸಿಕ್ಕಿದ ಪಠ್ಯವನ್ನು ಹಾಗೇ ನಕಲು ಮಾಡಿ ಅಂಟಿಸುವುದೇ ಈ ಕೆಲಸದಲ್ಲಿ ಆಗುವ ಅತಿ ಸಾಮಾನ್ಯ ತಪ್ಪು.

ಅಂಕಿ ಸರಿ ಎಂದಾದ ಮೇಲೆ ಭಾಗಿಸಿ. ಸಾವಿರ ಗಂಡಸರಿಗೆ 801 ಹೆಂಗಸರು. ಅದೇ ವರ್ಷ ಇಡೀ ಭಾರತದಲ್ಲಿ 972. ಗಂಡಸರು ಹೆಂಗಸರಿಗಿಂತ 19,909 ಜನ ಹೆಚ್ಚು. ಒಂದು ಸೀಮೆಯಲ್ಲಿ ಇಷ್ಟು ಓರೆ ಕಂಡರೆ ಚರಿತ್ರೆಕಾರರಿಗೆ ಮೊದಲು ಹೊಳೆಯುವುದು ಒಂಟಿಯಾಗಿ ಕೆಲಸಕ್ಕೆ ಬಂದ ಗಂಡಸರು. ಇಲ್ಲಿ ಒಂದು ಎಚ್ಚರಿಕೆ ಬೇಕು. ಈ ಹತ್ತೊಂಬತ್ತು ಸಾವಿರ ಚಿಲ್ಲರೆಯೇ ವಲಸಿಗರ ಸಂಖ್ಯೆಯಲ್ಲ. ತೋಟಗಳಿಗೆ ಹೆಂಗಸರೂ ಮಕ್ಕಳೂ ಕುಟುಂಬ ಸಮೇತ ಬರುತ್ತಿದ್ದರು, ಅವರು ಈ ವ್ಯತ್ಯಾಸದಲ್ಲಿ ಕಾಣುವುದೇ ಇಲ್ಲ. ಬಂದವರು ಇದಕ್ಕಿಂತ ಹೆಚ್ಚೇ ಇದ್ದರು ಎನ್ನಬಹುದು, ಎಷ್ಟು ಹೆಚ್ಚು ಎಂಬುದಕ್ಕೆ ಹುಟ್ಟಿದ ಸ್ಥಳದ ಕೋಷ್ಟಕವನ್ನೇ ತೆರೆಯಬೇಕು. 2011ರ ಗಣತಿಯಲ್ಲಿ ಕೊಡಗಿನ ಲಿಂಗಾನುಪಾತ 1,019. ನೂರಾಹತ್ತು ವರ್ಷದಲ್ಲಿ ತಕ್ಕಡಿ ಪೂರ್ತಿ ಆಚೆ ಬದಿಗೆ ವಾಲಿದೆ. ಈಗ ಕೆಲಸಕ್ಕಾಗಿ ಕೊಡಗು ಬಿಟ್ಟು ಹೋಗುವ ಗಂಡಸರ ಲೆಕ್ಕವೂ ಇದರೊಳಗೆ ಇರಬೇಕು. ವಲಸೆ ಎಂದರೆ ಬರುವುದಷ್ಟೇ ಅಲ್ಲ, ಹೋಗುವುದೂ ಹೌದು, ಮತ್ತು ಹೋದವರು ಎಣಿಕೆಯಾಗುವುದು ಬೆಂಗಳೂರಿನ, ಮೈಸೂರಿನ ಕೋಷ್ಟಕದಲ್ಲಿ.

ಇನ್ನು ದಿನಾಂಕದ ವಿಷಯ. ಈ ಸಂಪುಟಗಳನ್ನು ಬಳಸುವ ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. 1931ರವರೆಗೆ ಗಣತಿ ಒಂದೇ ರಾತ್ರಿ ನಡೆಯುತ್ತಿತ್ತು. ಆ ರಾತ್ರಿ ಯಾರು ಎಲ್ಲಿ ಮಲಗಿದ್ದರೋ ಅವರು ಅಲ್ಲಿನವರಾಗಿ ಲೆಕ್ಕಕ್ಕೆ ಸೇರಿದರು. 1881ರಲ್ಲಿ ಅದು ಫೆಬ್ರವರಿ 17, 1891ರಲ್ಲಿ ಫೆಬ್ರವರಿ 26, 1901ರಲ್ಲಿ ಮಾರ್ಚ್ 1, 1911ರಲ್ಲಿ ಮಾರ್ಚ್ 10, 1921ರಲ್ಲಿ ಮಾರ್ಚ್ 18, 1931ರಲ್ಲಿ ಮತ್ತೆ ಫೆಬ್ರವರಿ 26. ಕಾಫಿ ಬಲ್ಲವರಿಗೆ ಈ ತಾರೀಖುಗಳ ಅರ್ಥ ತಟ್ಟನೆ ಹೊಳೆಯುತ್ತದೆ. ಅರೇಬಿಕಾ ಹಣ್ಣು ಬಿಡಿಸುವುದು ನವೆಂಬರಿನಿಂದ ಜನವರಿ ತನಕ, ರೊಬಸ್ಟಾ ಅದರ ಹಿಂದೆ ಫೆಬ್ರವರಿ, ಮಾರ್ಚ್‌ವರೆಗೆ ಎಳೆಯುತ್ತದೆ. ಮೈಸೂರು ಕಡೆಯಿಂದ ಬಂದ ಆಳುಗಳು ಕೊಯ್ಲು ಮುಗಿಸಿ, ತಮ್ಮನ್ನು ಕರೆತಂದ ಮೇಸ್ತ್ರಿಯ ಹತ್ತಿರ ಲೆಕ್ಕ ಚುಕ್ತಾ ಮಾಡಿಸಿ ಊರಿಗೆ ಹೊರಡುವ ಹೊತ್ತು ಇದೇ. ಗಣತಿಯವರು ತೋಟದ ಆಳುಗಳ ಸಾಲುಮನೆಗೆ, ಅಂದರೆ ಲೈನ್‌ಮನೆಗೆ, ಹದಿನೈದು ದಿನ ಮೊದಲು ಹೋದರೆ ಒಂದು ಲೆಕ್ಕ, ಹದಿನೈದು ದಿನ ತಡವಾಗಿ ಹೋದರೆ ಇನ್ನೊಂದು ಲೆಕ್ಕ.

ಹಾಗೆಂದು ಎಲ್ಲವನ್ನೂ ದಿನಾಂಕದ ಮೇಲೆ ಹೊರಿಸಿದರೂ ತಪ್ಪೇ. 1901ರ ಎಣಿಕೆ 1891ಕ್ಕಿಂತ ಮೂರು ದಿನ ತಡವಾಗಿ ನಡೆದರೂ ಜನ ಹೆಚ್ಚಿದ್ದಾರೆ. 1911ರಿಂದ 1921ರ ನಡುವೆ 11,138 ಜನ ಇಳಿದದ್ದರಲ್ಲಿ ದಿನಾಂಕ ಎಂಟು ದಿನ ಮುಂದಕ್ಕೆ ಹೋದದ್ದರ ಪಾಲು ಇರಬಹುದು, ಆದರೆ 1918ರ ಇನ್‌ಫ್ಲುಯೆಂಜಾ ಇಡೀ ದೇಶದಲ್ಲಿ ಜನರನ್ನು ಗುಡಿಸಿಹಾಕಿದ ದಶಕ ಅದು. ಮಲೆನಾಡಿನ ಮಲೇರಿಯಾ ಬೇರೆ. ಒಂದು ಅಂಕಿಗೆ ಒಂದೇ ಕಾರಣ ಹಚ್ಚಿ ಮುಂದೆ ಹೋಗುವವರ ಬರಹವನ್ನು ನಂಬಬೇಡಿ.

ಕಾರಣ ಹಚ್ಚುವುದು ಎಷ್ಟು ಸೂಕ್ಷ್ಮದ ಕೆಲಸ ಎಂಬುದಕ್ಕೆ 1871 ಮತ್ತು 1881ರ ಜೋಡಿ ಒಳ್ಳೆಯ ಪಾಠ. ಈ ಎರಡು ಗಣತಿಗಳ ನಡುವೆ 1876–78ರ ಮಹಾ ಕ್ಷಾಮ ಬಂತು. ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412ರಿಂದ 41,86,188ಕ್ಕೆ ಕುಸಿಯಿತು, ಅಂದರೆ ಶೇ. 17ರಷ್ಟು. ಅದೇ ಅವಧಿಯಲ್ಲಿ ಕಾವೇರಿಯ ಈಚೆ ದಡದ ಕೊಡಗಿನಲ್ಲಿ 9,990 ಜನ ಹೆಚ್ಚಿದರು, ಸುಮಾರು ಶೇ. 6. ಬಯಲುಸೀಮೆಯಲ್ಲಿ ಹಸಿದವರು ಘಟ್ಟ ಹತ್ತಿ ಬಂದರು ಎಂದು ಬರೆದುಬಿಡಲು ಕೈ ತುರಿಸುತ್ತದೆ. ಆದರೆ 1854ರಲ್ಲಿ ಫೌಲರ್ ಎಂಬಾತ ಮಡಿಕೇರಿ ಬಳಿ ಮೊದಲ ಯುರೋಪಿಯನ್ ತೋಟ ಹಾಕಿದ ಮೇಲೆ ಕಾಫಿ ಜಮೀನು ಬೆಳೆಯುತ್ತಲೇ ಇತ್ತು, ಕ್ಷಾಮ ಬರದಿದ್ದರೂ ಆಳುಗಳು ಬರುತ್ತಿದ್ದರು. ಆದ್ದರಿಂದ ಮೂರು ಸಾಕ್ಷ್ಯ ಬೇಕು: 1881ರ ಹುಟ್ಟಿದ ಸ್ಥಳದ ಕೋಷ್ಟಕದಲ್ಲಿ ಮೈಸೂರಿನವರ ಪಾಲು, ಅವರಲ್ಲಿ ಹೆಂಗಸರೆಷ್ಟು, ಮತ್ತು ಕ್ಷಾಮದ ವರ್ಷಗಳ ಆಡಳಿತ ವರದಿ. ಹೆಂಗಸರೂ ಮಕ್ಕಳೂ ಹೆಚ್ಚಿದ್ದರೆ ಹಸಿವು ಅಟ್ಟಿದ ಕುಟುಂಬಗಳ ಕಡೆಗೆ ವಾದ ವಾಲುತ್ತದೆ. ಗಂಡಸರೇ ಹೆಚ್ಚಿದ್ದರೆ ತೋಟದ ಕೂಲಿ ಎಳೆದ ಕಡೆಗೆ. ಈ ಬಗೆಯಲ್ಲಿ ಓದಿದರೆ ಒಣ ಕೋಷ್ಟಕ ಬಾಯಿಬಿಟ್ಟು ಮಾತಾಡುತ್ತದೆ.

ಹುಟ್ಟಿದ ಸ್ಥಳದ ಪ್ರಶ್ನೆ ಭಾರತದ ಗಣತಿಗೆ ಬಂದದ್ದು 1881ರಲ್ಲಿ. ವಲಸೆಯ ನಿಯಮಗಳೆಂದು ಹೆಸರಾದ ರಾವೆನ್‌ಸ್ಟೈನ್‌ನ 1885ರ ಪ್ರಬಂಧವೂ ಬ್ರಿಟನ್ನಿನ 1881ರ ಗಣತಿಯ ಇಂಥದೇ ಕೋಷ್ಟಕಗಳ ಮೇಲೆ ನಿಂತದ್ದು. ಹೆಚ್ಚಿನವರು ದೂರ ಹೋಗುವುದಿಲ್ಲ, ಹತ್ತಿರಕ್ಕೇ ಹೋಗುತ್ತಾರೆ ಎಂದು ಆತ ಕಂಡುಕೊಂಡ. ಕೊಡಗಿನ ಕೋಷ್ಟಕದಲ್ಲೂ ಮೊದಲು ನೋಡಬೇಕಾದದ್ದು ಮೈಸೂರು, ಮಲಬಾರ್, ದಕ್ಷಿಣ ಕನ್ನಡದ ಸಾಲುಗಳನ್ನೇ. ಆದರೆ ಗಡಿಯ ಮೋಸ ಇಲ್ಲಿ ದೊಡ್ಡದು. ಕುಶಾಲನಗರ ಹಳೆಯ ಸಂಪುಟಗಳಲ್ಲಿ ಫ್ರೇಸರ್‌ಪೇಟೆ. ಅಲ್ಲಿಂದ ಕಾವೇರಿ ದಾಟಿದರೆ ಮೈಸೂರು ಸೀಮೆ. ಆಚೆ ದಡದ ಹಳ್ಳಿಯಿಂದ ಮದುವೆಯಾಗಿ ಈಚೆ ಬಂದ ಹೆಣ್ಣುಮಗಳು ಪ್ರಾಂತ್ಯ ದಾಟಿದ ವಲಸಿಗಳು. ಭಾಗಮಂಡಲದಿಂದ ಇಡೀ ಕೊಡಗು ದಾಟಿ ಅದೇ ಊರಿಗೆ ಬಂದವಳು ಊರಿನವಳು. ಗಡಿಗೆ ತಾಗಿದ ತಾಲೂಕನ್ನು ಬೇರೆ ಮಾಡಿ, ಉಳಿದದ್ದನ್ನು ಬೇರೆ ಓದಿದರೆ ಈ ದೋಷ ಬಹಳ ಮಟ್ಟಿಗೆ ತಗ್ಗುತ್ತದೆ. ತಾಲೂಕುಗಳ ಹೆಸರೂ ಇಂದಿನವಲ್ಲ: ಮಡಿಕೇರಿ, ನಂಜರಾಜಪಟ್ಟಣ, ಪಡಿನಾಲ್ಕುನಾಡು, ಎಡೆನಾಲ್ಕುನಾಡು, ಕಿಗ್ಗಟ್ಟುನಾಡು. ಹಳೆ ನಕ್ಷೆ ಪಕ್ಕದಲ್ಲಿಲ್ಲದೆ ಇಂದಿನ ಸೋಮವಾರಪೇಟೆ, ವಿರಾಜಪೇಟೆಗೆ ಹೋಲಿಸಲು ಹೋಗಬೇಡಿ. 1834ರ ಹಿಂದಿನದ್ದಕ್ಕಂತೂ ಇನ್ನೂ ಜೋಪಾನ. ಅರಸರ ಕಾಲದಲ್ಲಿ ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳು ಆಮೇಲೆ ದಕ್ಷಿಣ ಕನ್ನಡಕ್ಕೆ ಹೋದವು.

ಈ ಸಾಧನದ ಅತಿ ದೊಡ್ಡ ಕೊರತೆ ಬೇರೆಯೇ. ಹುಟ್ಟಿದ ಸ್ಥಳದ ಕೋಷ್ಟಕ ವಲಸೆಯನ್ನು ಒಂದೇ ತಲೆಮಾರು ನೆನಪಿಡುತ್ತದೆ. ಅಪ್ಪ ಬಂದವನು, ಮಗ ಇಲ್ಲೇ ಹುಟ್ಟಿದವನು. ಮುಂದಿನ ಗಣತಿಯಲ್ಲಿ ಆ ಮನೆ ವಲಸಿಗರ ಪಟ್ಟಿಯಿಂದ ಮಾಯ. ಸುಳ್ಯ ಕಡೆಯಿಂದ ಬಂದು ನೆಲೆಸಿದ ಅರೆಭಾಷೆ ಗೌಡರು, ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದು ಕೊಡಗಿನ ಅರಸ ದೊಡ್ಡ ವೀರರಾಜೇಂದ್ರನ ಆಶ್ರಯದಲ್ಲಿ ವಿರಾಜಪೇಟೆಯಲ್ಲಿ ನೆಲೆನಿಂತ ಕೊಂಕಣಿ ಕ್ರೈಸ್ತರು, ಇವರೆಲ್ಲ 1881ರ ಹೊತ್ತಿಗೆ ಕೋಷ್ಟಕದಲ್ಲಿ ಕೊಡಗಿನಲ್ಲಿ ಹುಟ್ಟಿದವರೇ. ಅಷ್ಟೇಕೆ, ಕೊಡಗನ್ನು ಆಳಿದ ಹಾಲೇರಿ ಅರಸು ಮನೆತನವೇ ಇಕ್ಕೇರಿ ಕಡೆಯಿಂದ ಬಂದದ್ದು. ಬೀಡುಬಿಟ್ಟು ಬೆಳೆದ ಸಮುದಾಯಗಳ ಚರಿತ್ರೆ ಬೇಕಾದವರು ಈ ಸಂಪುಟಗಳನ್ನು ಮುಚ್ಚಿಟ್ಟು ಬೇರೆ ದಾಖಲೆಗೆ ಹೋಗಲೇಬೇಕು.

ಭಾಷೆಯ ಕೋಷ್ಟಕದಿಂದ ಈ ಕೊರತೆ ತುಂಬಿಕೊಳ್ಳುತ್ತೇವೆ ಎಂದು ಹೋಗುವವರು ಇನ್ನೊಂದು ಗುಂಡಿಗೆ ಬೀಳುತ್ತಾರೆ. ಇತ್ತೀಚಿನ ಗಣತಿಗಳಲ್ಲಿ ಮಾತೃಭಾಷೆಗಳನ್ನು ದೊಡ್ಡ ಭಾಷೆಗಳ ಕೆಳಗೆ ಗುಂಪು ಮಾಡಲಾಗಿದೆ. ಯರವ ಭಾಷೆ ಮಲಯಾಳಂ ಗುಂಪಿನೊಳಗಿದೆ, ಕುರುಬ ಭಾಷೆ ಕನ್ನಡದ ಗುಂಪಿನೊಳಗಿದೆ. ಕೊಡಗಿನಲ್ಲಿ ಮಲಯಾಳಂ ಗುಂಪಿನ ಅಂಕಿ ನೋಡಿ ಇಷ್ಟು ಜನ ಕೇರಳದಿಂದ ಬಂದವರು ಎಂದು ಬರೆದರೆ, ತಲೆತಲಾಂತರದಿಂದ ಈ ಕಾಡಿನಲ್ಲೇ, ಈ ಗದ್ದೆಗಳಲ್ಲೇ ದುಡಿದ ಯರವರನ್ನು ಪರದೇಶಿಗಳನ್ನಾಗಿ ಮಾಡಿದಂತೆ. ಇದು ಅಂಕಿಯ ತಪ್ಪಷ್ಟೇ ಅಲ್ಲ, ಅನ್ಯಾಯ. ಕೊಡವರ ಭಾಷೆಯಾದ ಕೊಡವ ತಕ್ಕಿನ ಅಂಕಿ ಬೇರೆಯಾಗಿ ಸಿಗುತ್ತದೆ, 2011ರಲ್ಲಿ ದೇಶಾದ್ಯಂತ 1,13,857. ಇದರಲ್ಲಿ ಕೊಡಗಿನ ಹೊರಗಿರುವವರೂ ಸೇರಿದ್ದಾರೆ ಎಂಬುದನ್ನು ಮರೆತು ಜಿಲ್ಲೆಯ ಜನಸಂಖ್ಯೆಯಿಂದ ಭಾಗಿಸುವುದು ಕೂಡ ಆಗಾಗ ಕಾಣುವ ತಪ್ಪು.

ಸ್ವಾತಂತ್ರ್ಯದ ನಂತರದ ಗಣತಿಗಳು ಪ್ರಶ್ನೆಯ ಲೆಕ್ಕದಲ್ಲಿ ಮೇಲು. 1961ರಲ್ಲಿ ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ ಎಂದು ಕೇಳಿದರು, 1971ರಲ್ಲಿ ಇದಕ್ಕೂ ಹಿಂದೆ ಎಲ್ಲಿದ್ದಿರಿ ಎಂದರು, 1981ರಲ್ಲಿ ಏಕೆ ಬಂದಿರಿ ಎಂದರು. 2011ರ ಕೋಷ್ಟಕಗಳಲ್ಲಿ ಡಿ-1 ಹುಟ್ಟಿದ ಸ್ಥಳದ್ದು, ಡಿ-2 ಹಿಂದಿನ ವಾಸಸ್ಥಳ ಮತ್ತು ಅವಧಿಯದ್ದು, ಡಿ-3 ಕಾರಣದ್ದು. ಕಾರಣಗಳ ಕಾಲಂನಲ್ಲಿ ಉದ್ಯೋಗ, ವ್ಯಾಪಾರ, ಶಿಕ್ಷಣ, ಮದುವೆ, ಹುಟ್ಟಿದ ಮೇಲೆ ಸ್ಥಳ ಬದಲು, ಮನೆಯವರ ಜೊತೆ ಬಂದದ್ದು, ಇತರೆ ಎಂದಿರುತ್ತದೆ. ಡಿ-3 ತೆರೆದ ಕೂಡಲೇ ಮದುವೆಯ ಕಾಲಂ ತೆಗೆದು ಬದಿಗಿಡಿ. ಇಲ್ಲದಿದ್ದರೆ ಪೊನ್ನಂಪೇಟೆಯಿಂದ ಮಡಿಕೇರಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳೆಲ್ಲ ವಲಸಿಗರ ರಾಶಿಗೆ ಸೇರಿ ಅಂಕಿ ಉಬ್ಬುತ್ತದೆ. ತಾಯಿ ಹೆರಿಗೆಗೆ ಮೈಸೂರಿನ ಆಸ್ಪತ್ರೆಗೋ ತವರಿಗೋ ಹೋದಾಗ ಅಲ್ಲಿ ಹುಟ್ಟಿ ಮನೆಗೆ ಬಂದ ಮಕ್ಕಳೂ ಹೀಗೇ ಕೋಷ್ಟಕಕ್ಕೆ ನುಸುಳುತ್ತಾರೆ, ಹುಟ್ಟಿದ ಮೇಲೆ ಸ್ಥಳ ಬದಲು ಎಂಬ ಕಾಲಂ ಅದಕ್ಕೇ ಇರುವುದು. ಹಾಗೆಂದು ಮದುವೆಯ ಕಾಲಂ ಎಸೆಯಬೇಡಿ. ತೋಟದ ಕೆಲಸಕ್ಕೆ ಬಂದ ಎಷ್ಟೋ ಹೆಂಗಸರನ್ನು ಮನೆಯವರು ಮದುವೆಯಾಗಿ ಬಂದವಳು ಎಂದೇ ಬರೆಸಿರುತ್ತಾರೆ. ಅವರ ದುಡಿಮೆ ಆ ಒಂದು ಪದದ ಹಿಂದೆ ಅಡಗಿಹೋಗುತ್ತದೆ.

ಕಸುಬಿನ ಕೋಷ್ಟಕಕ್ಕೆ ಹೋಗುವಾಗ ಒಂದು ಮಾತು ಗೋಡೆಗೆ ಬರೆದಿಟ್ಟುಕೊಳ್ಳಿ: 2001, 2011ರ ಗಣತಿಗಳಲ್ಲಿ ಪ್ಲಾಂಟೇಶನ್ ಕಾರ್ಮಿಕರು ಕೃಷಿ ಕೂಲಿಗಳ ಕಾಲಂನಲ್ಲಿಲ್ಲ, ಇತರ ಕೆಲಸಗಾರರ ಕಾಲಂನಲ್ಲಿದ್ದಾರೆ. ಸರ್ಕಾರಿ ನೌಕರ, ಅಂಗಡಿಯವ, ಕಾಫಿ ಹಣ್ಣು ಬಿಡಿಸುವವಳು ಮೂವರೂ ಒಂದೇ ರಾಶಿ. ಕೊಡಗಿನಲ್ಲಿ ಇತರ ಕೆಲಸಗಾರರ ಪಾಲು ಎತ್ತರವಿರುವುದನ್ನು ನೋಡಿ ಜಿಲ್ಲೆ ಕೃಷಿ ಬಿಟ್ಟಿದೆ ಎಂದು ತೀರ್ಮಾನಿಸಿದರೆ ನಗೆಪಾಟಲಾಗುತ್ತದೆ. ವರ್ಷಕ್ಕೆ 183 ದಿನಕ್ಕಿಂತ ಕಡಿಮೆ ದುಡಿದವರು ಅಲ್ಪಾವಧಿ ಕೆಲಸಗಾರರ ಪಟ್ಟಿಗೆ ಹೋಗುತ್ತಾರೆ ಎಂಬುದೂ ನೆನಪಿರಲಿ. ಕೊಯ್ಲಿಗಷ್ಟೇ ದುಡಿಯುವವರನ್ನು ಅಲ್ಲಿಯೇ ಹುಡುಕಬೇಕು.

ಬೈಲಕುಪ್ಪೆಯ ಟಿಬೆಟಿಯನ್ನರನ್ನು ಕೊಡಗಿನ ಕೋಷ್ಟಕದಲ್ಲಿ ಹುಡುಕಿ ಸಿಗಲಿಲ್ಲ ಎನ್ನುವವರಿದ್ದಾರೆ. 1960ರ ದಶಕದ ಆರಂಭದಲ್ಲಿ ಶುರುವಾದ ಆ ಶಿಬಿರ ಪಿರಿಯಾಪಟ್ಟಣ ತಾಲೂಕಿನಲ್ಲಿದೆ, ಮೈಸೂರು ಜಿಲ್ಲೆಯ ಲೆಕ್ಕಕ್ಕೆ ಸೇರಿದೆ. ಅವರ ವ್ಯಾಪಾರ, ಓಡಾಟ ಕುಶಾಲನಗರದಲ್ಲಿದ್ದರೂ ಅಂಕಿ ಹೊಳೆಯ ಆಚೆಯೇ.

ಹಳೆಯ ಸಂಪುಟಗಳಲ್ಲಿ ಯಾವುದು ಹೆಚ್ಚು ಒಳ್ಳೆಯದು ಎಂದು ಕೇಳಿದರೆ, 1901 ಮತ್ತು 1931. 1901ರಲ್ಲಿ ಕಾಫಿ ಕಾಲದ ಚಿತ್ರ ಚೊಕ್ಕವಾಗಿದೆ. 1931ರದ್ದು ಜಾತಿವಾರು ಪೂರ್ಣ ಕೋಷ್ಟಕಗಳಿರುವ ಕೊನೆಯ ಗಣತಿ. ಯುದ್ಧದ ಕಾರಣ ಕೋಷ್ಟಕ ತಯಾರಿಕೆಯನ್ನು ಮೊಟಕು ಮಾಡಿದ 1941ರಿಂದ ಹೆಚ್ಚು ನಿರೀಕ್ಷೆ ಬೇಡ. ಹಾಗಾಗಿ 1931ರಿಂದ 1951ಕ್ಕೆ ಒಂದೇ ಜಿಗಿತ ಹಾಕಬೇಕಾಗುತ್ತದೆ. 1951ರ ದೊಡ್ಡ ಏರಿಕೆ ಆ ಮಸುಕು ದಶಕದಲ್ಲೇ ಆದದ್ದು ನಿಜಕ್ಕೂ ದುಃಖದ ಸಂಗತಿ.

ಇವುಗಳ ಪಕ್ಕದಲ್ಲಿ ಏನಿಟ್ಟುಕೊಳ್ಳಬೇಕು? ಬಾಸೆಲ್ ಮಿಶನ್ನಿನ ರಿಕ್ಟರ್ 1870ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಕೊಡಗು ಮ್ಯಾನ್ಯುಯಲ್ ಮತ್ತು ಲೂಯಿಸ್ ರೈಸ್ ಗೆಜೆಟಿಯರಿನ ಕೊಡಗು ಸಂಪುಟ ತೋಟಗಳ ಆರಂಭ ಕಾಲಕ್ಕೆ ಬೇಕೇ ಬೇಕು. ಆದರೆ ಅವರ ಕಣ್ಣು ತೋಟದ ಮಾಲೀಕನ, ಅಧಿಕಾರಿಯ, ಪಾದ್ರಿಯ ಕಣ್ಣು. ಕೂಲಿ ಅಲ್ಲಿ ಬರೀ ಸಂಖ್ಯೆ, ಇಲ್ಲವೇ ದೂರು. ಜಮ್ಮ (ವಂಶಪಾರಂಪರ್ಯ ಹಿಡುವಳಿ), ಸಾಗು (ಸಾಮಾನ್ಯ ಹಿಡುವಳಿ) ಭೂಮಿಯ ಲೆಕ್ಕಗಳಿಂದ ಯಾರಿಗೆ ನೆಲ ಸಿಕ್ಕಿತು ಎಂಬುದು ಗೊತ್ತಾಗುತ್ತದೆ. ಭಟ್ಟಿ ಎಂಬ ಹಳೆಯ ಗದ್ದೆ ಅಳತೆಯಲ್ಲಿ ನೂರಕ್ಕೆ ಜಮ್ಮಕ್ಕೆ 5 ರೂಪಾಯಿ, ಸಾಗಿಗೆ 10 ರೂಪಾಯಿ ಕಂದಾಯ ಎಂಬ ವ್ಯತ್ಯಾಸದಲ್ಲೇ ಹಳಬರು ಯಾರು, ಆಮೇಲೆ ಬಂದವರು ಯಾರು ಎಂಬ ಗೆರೆಯ ಒಂದು ತುದಿ ಕಾಣುತ್ತದೆ. ಮುಂಗಡ ಪಡೆದು ಕೆಲಸ ಬಿಟ್ಟು ಹೋದ ಆಳನ್ನು ಕೋರ್ಟಿಗೆ ಎಳೆಯಲು 1859ರ 13ನೇ ಕಾಯ್ದೆ ಇತ್ತು, 1925ರ ಕಾನೂನಿನಿಂದ ಅದು ರದ್ದಾಯಿತು. ಅದರ ಕೆಳಗಿನ ಮೊಕದ್ದಮೆಯ ಕಡತ ಎಲ್ಲಾದರೂ ಸಿಕ್ಕರೆ ಬಿಡಬೇಡಿ. ಆಳಿನ ಹೆಸರು, ಊರು, ಮುಂಗಡದ ಮೊತ್ತ ಒಂದೇ ಹಾಳೆಯಲ್ಲಿ ಸಿಗುವ ಸಂಭವ ಇರುವುದು ಅಲ್ಲಿ.

ಪಕ್ಕದಲ್ಲಿಡಬಹುದಾದ ಇನ್ನೊಂದು ದಾಖಲೆ ಚರ್ಚಿನ ರಿಜಿಸ್ಟರ್, ಅದನ್ನು ಓದುವುದಕ್ಕೆ ಒಂದು ಕ್ರಮವಿದೆ. ಸಮಾಧಿ, ಮದುವೆ, ಜ್ಞಾನಸ್ನಾನ ಮೂರನ್ನೂ ವರ್ಷವಾರು ಎಣಿಸಿ ಪಕ್ಕಪಕ್ಕ ಇಡಿ. ಸಮಾಧಿಗಳಲ್ಲಿ ಪ್ರಾಯದ ಗಂಡಸರೇ ತುಂಬಿದ್ದರೆ ಸಮುದಾಯ ಆಗಷ್ಟೇ ಬರುತ್ತಿದೆ. ಮದುವೆಗಳು ಶುರುವಾಗಿ, ವಧುವಿನ ಊರು ಹೊರಗಿನದ್ದಾಗಿದ್ದರೆ ಊರಿನ ಜೊತೆ ನಂಟು ಇನ್ನೂ ಗಟ್ಟಿ. ಜ್ಞಾನಸ್ನಾನ ಮದುವೆಗಳನ್ನು ಹಿಂದೆ ಹಾಕಿದರೆ ಬೇರು ಬಿಟ್ಟಿದ್ದಾರೆ. ಸಾಕ್ಷಿಗಳ ಹೆಸರನ್ನೂ ಬರೆದುಕೊಳ್ಳಿ. ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಅವನೇ ತನ್ನೂರಿನವರನ್ನು ಒಬ್ಬೊಬ್ಬರಾಗಿ ಕರೆಸಿಕೊಂಡವನಿರಬಹುದು.

ತೋಟದ ಚೆಕ್‌ರೋಲ್ ಇದಕ್ಕಿಂತಲೂ ಅಮೂಲ್ಯ, ಮತ್ತು ಗೆದ್ದಲಿಗೆ, ಮಳೆಗೆ ಬೇಗ ಬಲಿಯಾಗುವಂಥದ್ದು. ದಿನವಾರು ಹಾಜರಿ, ಕೂಲಿ, ಮೇಸ್ತ್ರಿಯ ಹೆಸರು ಅದರಲ್ಲಿರುತ್ತದೆ. ಗಣತಿ ಒಂದು ರಾತ್ರಿ ನೋಡಿದ್ದನ್ನು ಅದು ವರ್ಷವಿಡೀ ನೋಡಿರುತ್ತದೆ. ನವೆಂಬರಿನಲ್ಲಿ ಹಾಜರಾದ ಹೆಸರುಗಳಲ್ಲಿ ಏಪ್ರಿಲ್ ತಿಂಗಳಿಗೆ ಎಷ್ಟು ಉಳಿದಿವೆ ಎಂದು ಎಣಿಸಿ. ಉಳಿದವರು ನೆಲೆನಿಂತವರು, ಬಿಟ್ಟವರು ಹಂಗಾಮಿಯವರು. ಜನಗಣತಿಯ ಯಾವ ಕೋಷ್ಟಕವೂ ಇಷ್ಟು ನೇರವಾಗಿ ಇದನ್ನು ಹೇಳುವುದಿಲ್ಲ. ಲೈನ್‌ಮನೆಯ ಹಿರಿಯರ ಮಾತನ್ನು ರೆಕಾರ್ಡ್ ಮಾಡುವವರು ಇಸವಿ ಕೇಳಬೇಡಿ. ಆಗ ಕಾಫಿ ಮೂಟೆಗೆ ಎಷ್ಟಿತ್ತು, ಯಾವ ಮೇಸ್ತ್ರಿ ಕರೆತಂದ, ಬಂದ ವರ್ಷ ಮಳೆ ಹೇಗಿತ್ತು ಎಂದು ಕೇಳಿದರೆ ಇಸವಿ ತಾನಾಗಿ ಸಿಗುತ್ತದೆ.

ಶಾಲೆ, ಕಾಲೇಜಿನ ಪ್ರಾಜೆಕ್ಟಿಗೆ, ಊರಿನ ಚರಿತ್ರೆ ಬರೆಯುವವರಿಗೆ, ಪತ್ರಕರ್ತರಿಗೆ ಈ ಸಂಪುಟಗಳನ್ನು ಧಾರಾಳವಾಗಿ ಶಿಫಾರಸು ಮಾಡಬಹುದು. ತಮ್ಮ ಒಕ್ಕದ (ಕೊಡವರ ಮನೆತನದ), ಕುಟುಂಬದ ಮೂಲ ಹುಡುಕುವವರಿಗೆ ಇದರಿಂದ ಪ್ರಯೋಜನ ಕಡಿಮೆ, ಅಚ್ಚಾದ ಗಣತಿಯಲ್ಲಿ ವ್ಯಕ್ತಿಗಳ ಹೆಸರಿರುವುದಿಲ್ಲ. ಇಂದಿನ ಪ್ರಶ್ನೆಗಳಿಗೂ ಇದು ಹಳತು. ಅಸ್ಸಾಂ ಕಡೆಯಿಂದ ಈಗ ತೋಟಗಳಿಗೆ ಬರುತ್ತಿರುವವರಾಗಲಿ, 2018ರ ಆಗಸ್ಟಿನ ಭೂಕುಸಿತದಲ್ಲಿ ಮನೆ ಕಳೆದುಕೊಂಡು ಬೇರೆಡೆ ಹೋದವರಾಗಲಿ 2011ರ ಕೋಷ್ಟಕದಲ್ಲಿ ಸಿಗುವಂತಿಲ್ಲ. ಮುಂದಿನ ಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಮತ್ತದೇ ರೊಬಸ್ಟಾ ಕೊಯ್ಲಿನ ಕೊನೆಯ ಹೊತ್ತು. ತೋಟ ಇರುವವರು, ತೋಟದ ಲೆಕ್ಕ ಬರೆಯುವವರು ಆ ಫೆಬ್ರವರಿಯ ಚೆಕ್‌ರೋಲ್ ಪುಟಗಳನ್ನು ಜೋಪಾನವಾಗಿ ತೆಗೆದಿಟ್ಟರೆ, ಕೋಷ್ಟಕ ಹೊರಬಂದ ದಿನ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.